ಕತ್ತರಿ ಯಾರ ಕೈಯಲ್ಲಿ? ಫೋನಿನ ವಿಡಿಯೊ ನಮ್ಮ ಚುನಾವಣೆಯನ್ನು ಬದಲಿಸಿದ ಬಗೆ

2023ರ ವಿಧಾನಸಭೆ ಚುನಾವಣೆ. ಮತದಾನಕ್ಕೆ ಇನ್ನು ಎರಡು ವಾರ ಇತ್ತು. ಗೆಳೆಯನೊಬ್ಬ ನನ್ನನ್ನು ನಮ್ಮ ಕಡೆಯ ಒಂದು ಕಲ್ಯಾಣ ಮಂಟಪದ ಮಹಡಿಗೆ ಕರೆದುಕೊಂಡು ಹೋದ. ಮದುವೆ ದಿನ ಗಂಡಿನ ಕಡೆಯವರಿಗೆ ಬಿಟ್ಟುಕೊಡುವ ರೂಮು ಅದು. ಅಲ್ಲಿ ಮೂವರು ಹುಡುಗರು, ಒಂದು ಲ್ಯಾಪ್‌ಟಾಪು, ನಾಲ್ಕು ಫೋನು, ಗೋಡೆಯಿಂದ ಗೋಡೆಗೆ ಚಾರ್ಜರ್ ವೈರು. ಒಬ್ಬ ಮದುವೆ ವಿಡಿಯೊ ತೆಗೆಯುವವನು. ಸೀಸನ್ ಬಿಟ್ಟು ಒಂದು ತಿಂಗಳ ಮಟ್ಟಿಗೆ ಅಭ್ಯರ್ಥಿಯ ಕೆಲಸಕ್ಕೆ ಬಂದಿದ್ದ.

ಅವನ ಮುಂದೆ ಅಂದು ಸಂಜೆಯ ಭಾಷಣ ಓಡುತ್ತಿತ್ತು. ಒಟ್ಟು 38 ನಿಮಿಷ. ಅವನು ಪೂರ್ತಿ ನೋಡಲೇ ಇಲ್ಲ. ಬೆರಳಲ್ಲಿ ಸರ್ ಅಂತ ಮುಂದಕ್ಕೆ ಎಳೆಯುತ್ತಾ ಹೋದ. ಅಭ್ಯರ್ಥಿ ಕೈ ಎತ್ತಿ, ಎದುರಾಳಿಯ ಹೆಸರು ಹಿಡಿದು ಸವಾಲು ಹಾಕಿದ ಕಡೆ ನಿಲ್ಲಿಸಿದ. ಅಲ್ಲಿಂದ 21 ಸೆಕೆಂಡ್ ಕತ್ತರಿಸಿದ. ಕೆಳಗೆ ಹಳದಿ ಅಕ್ಷರದಲ್ಲಿ ಮಾತು ಬರೆದ. ಹಿಂದಿನಿಂದ ಡೋಲಿನ ಮ್ಯೂಸಿಕ್ ಹಾಕಿದ. ಕೊನೆಗೆ ಜನ ಶಿಳ್ಳೆ ಹೊಡೆಯುವ ಒಂದು ತುಣುಕು ಸೇರಿಸಿದ. ಆ ತುಣುಕು ಹಿಂದಿನ ದಿನ ಬೇರೆ ಊರಿನಲ್ಲಿ ತೆಗೆದದ್ದು. "ಇಷ್ಟೇ ಸಾಕು ಅಣ್ಣ, ಉಳಿದಿದ್ದು ಯಾರು ನೋಡ್ತಾರೆ?" ಅಂದ. ನನಗೆ ಕೊಟ್ಟ ಕಾಫಿ ಆರುವ ಮೊದಲೇ ಅದು ಹತ್ತಾರು ವಾಟ್ಸ್ಆಪ್ ಗ್ರೂಪುಗಳಿಗೆ ಹೋಗಿತ್ತು.

ಆ ಹುಡುಗ ಸುಳ್ಳು ಹೇಳಿದನೇ? ಅಭ್ಯರ್ಥಿ ಆ ಮಾತು ಆಡಿದ್ದು ನಿಜ. ಆ ದನಿ ನಿಜ. ಆದರೆ 38 ನಿಮಿಷದಲ್ಲಿ 37 ನಿಮಿಷಕ್ಕೂ ಜಾಸ್ತಿ ಆ ರೂಮಿನಲ್ಲೇ ಉಳಿದುಹೋಯಿತು. ಆನ್‌ಲೈನ್ ವಿಡಿಯೊ ಮತ್ತು ಚುನಾವಣೆ ಅಂದಾಗ ನಾವು ಸುಳ್ಳು ಸುದ್ದಿ, ಎಐ, ಡೀಪ್‌ಫೇಕ್ (ಎಐ ಬಳಸಿ ಕಟ್ಟಿದ ನಕಲಿ ವಿಡಿಯೊ) ಬಗ್ಗೆ ಮಾತಾಡುತ್ತೇವೆ. ಅವೆಲ್ಲ ಮುಖ್ಯವೇ. ಆದರೆ ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಈ ಕತ್ತರಿಯಲ್ಲಿದೆ. ಯಾವ 20 ಸೆಕೆಂಡ್ ಊರೂರು ಸುತ್ತಬೇಕು ಅಂತ ಯಾರು ತೀರ್ಮಾನಿಸುತ್ತಾರೋ, ಚುನಾವಣೆಯಲ್ಲಿ ಯಾವ ವಿಷಯದ ಮೇಲೆ ಜಗಳ ನಡೆಯಬೇಕು ಅಂತಲೂ ಅವರೇ ತೀರ್ಮಾನಿಸುತ್ತಾರೆ.

ಮೊದಲು ಪೆಟ್ಟು ಬಿದ್ದದ್ದು ವರ್ಜೀನಿಯಾದಲ್ಲಿ

ಯೂಟ್ಯೂಬ್‌ಗೆ ಮೊದಲ ವಿಡಿಯೊ ಬಂದಿದ್ದು 2005ರ ಏಪ್ರಿಲ್‌ನಲ್ಲಿ. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಒಬ್ಬ ಮಾತಾಡುವ 19 ಸೆಕೆಂಡಿನ ತುಣುಕು. ಅದಾಗಿ ಒಂದು ವರ್ಷ ನಾಲ್ಕು ತಿಂಗಳಿಗೆ, 2006ರ ಆಗಸ್ಟ್ 11ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಸೆನೆಟರ್ ಜಾರ್ಜ್ ಅಲೆನ್ ಬ್ರೇಕ್ಸ್ ಎಂಬ ಊರಿನಲ್ಲಿ ಪ್ರಚಾರ ಮಾಡುತ್ತಿದ್ದರು. ಎದುರಾಳಿ ಜಿಮ್ ವೆಬ್ ಅವರ ಕಡೆಯಿಂದ 20 ವರ್ಷದ ಒಬ್ಬ ಹುಡುಗ ಕ್ಯಾಮೆರಾ ಹಿಡಿದು ಅವರು ಹೋದಲ್ಲೆಲ್ಲ ಹೋಗುತ್ತಿದ್ದ. ಭಾರತೀಯ ಮೂಲದ ಹುಡುಗ, ಆದರೆ ಹುಟ್ಟಿ ಬೆಳೆದದ್ದು ವರ್ಜೀನಿಯಾದಲ್ಲೇ.

ಅಲೆನ್ ಅವನ ಕಡೆ ಬೆರಳು ತೋರಿಸಿ "ಮಕಾಕಾ" ಅಂದರು. ಮಕಾಕಾ ಅಂದರೆ ಒಂದು ಜಾತಿಯ ಕೋತಿ. ಕೆಲವು ಕಡೆ ಕಪ್ಪು ಬಣ್ಣದವರನ್ನು ಬೈಯಲು ಬಳಸುವ ಮಾತು. ಅಮೆರಿಕಕ್ಕೆ ಸ್ವಾಗತ ಅಂತ ಬೇರೆ ಹೇಳಿದರು. ಹುಡುಗನ ಕ್ಯಾಮೆರಾ ಓಡುತ್ತಲೇ ಇತ್ತು. ವಿಡಿಯೊ ಯೂಟ್ಯೂಬ್‌ಗೆ ಬಂತು, ಅಲ್ಲಿಂದ ಟಿವಿಗೆ ಹೋಯಿತು. ಸುಲಭವಾಗಿ ಗೆಲ್ಲುತ್ತಾರೆ ಅಂದುಕೊಂಡಿದ್ದ ಅಲೆನ್ ನವೆಂಬರ್‌ನಲ್ಲಿ ಸೋತರು. ಚಲಾವಣೆಯಾದದ್ದು ಸುಮಾರು 23.7 ಲಕ್ಷ ಮತ. ಸೋತದ್ದು 10 ಸಾವಿರಕ್ಕೂ ಕಡಿಮೆ ಮತದಲ್ಲಿ. ಆ ವರ್ಷ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ, ಜೊತೆಗಿದ್ದ ಇಬ್ಬರು ಪಕ್ಷೇತರರೂ ಸೇರಿ, ಡೆಮಾಕ್ರಟಿಕ್ ಪಕ್ಷದ ಬಲ 51, ಎದುರು 49. ಅಂದರೆ ಆ ಒಂದು ಸೀಟು ಇಡೀ ಸೆನೆಟ್‌ನ ಬಹುಮತವನ್ನೇ ತಿರುಗಿಸಿತ್ತು.

ಅಲ್ಲಿಯವರೆಗೆ ರಾಜಕಾರಣಿಗೆ ಎರಡು ದನಿ ಇರುತ್ತಿತ್ತು. ರಾಜಧಾನಿಯಲ್ಲಿ ಪತ್ರಕರ್ತರ ಮುಂದೆ ಒಂದು, ಹಳ್ಳಿಯಲ್ಲಿ ತನ್ನವರ ಮುಂದೆ ಇನ್ನೊಂದು. ಹಳ್ಳಿಯಲ್ಲಿ ಆಡಿದ್ದು ಹಳ್ಳಿಯಲ್ಲೇ ಉಳಿಯುತ್ತಿತ್ತು. ಆ ಗೋಡೆ ಬ್ರೇಕ್ಸ್ ಊರಿನಲ್ಲಿ ಬಿತ್ತು. 2012ರಲ್ಲಿ ಅಧ್ಯಕ್ಷ ಅಭ್ಯರ್ಥಿ ಮಿಟ್ ರಾಮ್ನಿ ಶ್ರೀಮಂತರ ಒಂದು ಊಟದ ಕೂಟದಲ್ಲಿ, 47 ಶೇಕಡಾ ಜನ ಸರ್ಕಾರದ ಮೇಲೆ ನೇತುಬಿದ್ದವರು ಎಂಬ ಅರ್ಥದ ಮಾತಾಡಿದರು. ಅದನ್ನು ರೆಕಾರ್ಡ್ ಮಾಡಿದ್ದು ಅಲ್ಲಿ ಪಾನೀಯ ಬಡಿಸುತ್ತಿದ್ದ ಕೆಲಸಗಾರ. ಬಾಗಿಲು ಹಾಕಿದ ಕೋಣೆಯೂ ಈಗ ಬಹಿರಂಗ ಸಭೆಯೇ. ಇದನ್ನು ನಾನು ಒಳ್ಳೆಯದು ಅಂತಲೇ ಎಣಿಸುತ್ತೇನೆ. ದೊಡ್ಡವರ ಮಾತಿಗೆ ಸಾಕ್ಷಿ ಇಡುವ ಶಕ್ತಿ ಬಡಿಸುವವನ ಕೈಗೂ ಬಂತಲ್ಲ, ಅದು ಸಣ್ಣ ವಿಷಯವಲ್ಲ.

ಮಂಡ್ಯದ ಎರಡು ಪದ

ನಮ್ಮಲ್ಲಿ ಈ ಮಾತು ಬಂದಾಗ ಮಂಡ್ಯ ಬಿಟ್ಟು ಮುಂದೆ ಹೋಗಲಾಗದು. 2019ರ ಲೋಕಸಭೆ ಚುನಾವಣೆ. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್ ಜೆಡಿಎಸ್ ಅಭ್ಯರ್ಥಿ, ಕಾಂಗ್ರೆಸ್ ಮೈತ್ರಿ ಬೇರೆ. ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಶ್. ಅಷ್ಟರಲ್ಲಿ ಒಂದು ಹಳೇ ವಿಡಿಯೊ ಎದ್ದು ಬಂತು. 2016ರಲ್ಲಿ ನಿಖಿಲ್ ಅವರ ಮೊದಲ ಸಿನಿಮಾದ ಕಾರ್ಯಕ್ರಮದ್ದು. ವೇದಿಕೆ ಮೇಲಿಂದ ಅಪ್ಪ "ನಿಖಿಲ್ ಎಲ್ಲಿದೀಯಪ್ಪಾ?" ಅಂತ ಕೂಗುತ್ತಾರೆ. ಮಗ ಜನರ ನಡುವಿನಿಂದ ಉತ್ತರ ಕೊಡುತ್ತಾನೆ. ಅಂದು ಅದು ಅಭಿಮಾನಿಗಳನ್ನು ಖುಷಿಪಡಿಸಲು ಮಾಡಿದ ಸಣ್ಣ ಪ್ರಸಂಗ, ಅಷ್ಟೇ.

ಮೂರು ವರ್ಷ ಆದಮೇಲೆ ಅದರ ಅರ್ಥವೇ ಬದಲಾಯಿತು. ಶಾಲೆ ಮಕ್ಕಳ ಬಾಯಲ್ಲಿ ಅದೇ. ಮದುವೆ ಮನೆಯಲ್ಲಿ ಮದುಮಗನನ್ನು ಹುಡುಕುವವರ ಬಾಯಲ್ಲೂ ಅದೇ. ಆ ಹೆಸರಿನಲ್ಲಿ ಸಿನಿಮಾ ಟೈಟಲ್ ನೋಂದಣಿ ಮಾಡಿಸಲು ಫಿಲ್ಮ್ ಚೇಂಬರ್‌ಗೂ ಜನ ಹೋದರು. ಸುಮಲತಾ 1,25,876 ಮತಗಳಿಂದ ಗೆದ್ದರು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆ ವಿಡಿಯೊದಿಂದಲೇ ನಿಖಿಲ್ ಸೋತರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಆ ದುಃಖ ಜಿಲ್ಲೆಯಲ್ಲಿ ಹಸಿಯಾಗೇ ಇತ್ತು. ಒಂದೇ ಮನೆಯವರಿಗೆ ಎಷ್ಟು ಟಿಕೆಟ್ ಎಂಬ ಸಿಟ್ಟಿತ್ತು. ಸ್ಥಳೀಯ ಕಾಂಗ್ರೆಸ್ಸಿಗರಲ್ಲಿ ಬಹಳ ಜನ ಮೈತ್ರಿಗೆ ಮನಸ್ಸು ಕೊಡಲಿಲ್ಲ. ಬಿಜೆಪಿ ಅಭ್ಯರ್ಥಿಯನ್ನೇ ಹಾಕಲಿಲ್ಲ. ಯಶ್, ದರ್ಶನ್ ಜೋಡೆತ್ತು ಅನ್ನಿಸಿಕೊಂಡು ಊರೂರು ಸುತ್ತಿದರು. ಇಷ್ಟೆಲ್ಲ ಇದ್ದ ಮೇಲೆ ಆ ತುಣುಕು ಮಾಡಿದ್ದೇನು? ಜನರ ಮನಸ್ಸಿನಲ್ಲಿ ಆಗಲೇ ಇದ್ದ ಮಾತಿಗೆ ಅದು ಬಾಯಿ ಕೊಟ್ಟಿತು. "ವಂಶ ರಾಜಕಾರಣ ಬೇಡ" ಅಂತ ಯಾರೂ ಭಾಷಣ ಮಾಡಬೇಕಾಗಲಿಲ್ಲ. ಎರಡು ಪದ ಕೂಗಿದರೆ ಎಲ್ಲರಿಗೂ ಅರ್ಥವಾಗುತ್ತಿತ್ತು.

ಅದರ ಮಿತಿಯನ್ನೂ ಮಂಡ್ಯವೇ ತೋರಿಸಿತು. ಆ ವಿಡಿಯೊ ಇಂದಿಗೂ ಇಂಟರ್ನೆಟ್‌ನಲ್ಲಿದೆ. ಆದರೆ 2024ರಲ್ಲಿ ಅದೇ ಕ್ಷೇತ್ರದಿಂದ, ಬಿಜೆಪಿ ಜೊತೆಗಿನ ಮೈತ್ರಿಯಲ್ಲಿ, ಕುಮಾರಸ್ವಾಮಿ 2,84,620 ಮತಗಳಿಂದ ಗೆದ್ದರು. ಸಿಟ್ಟು ಇಳಿದ ಮೇಲೆ ಕೂಗಿಗೆ ಬಲ ಇರಲಿಲ್ಲ. ಒಣಗಿದ ಹುಲ್ಲಿಗೆ ಬಿದ್ದ ಕಿಡಿ ಹತ್ತಿಕೊಳ್ಳುತ್ತದೆ. ಹಸಿ ಹುಲ್ಲಿಗೆ ಬಿದ್ದರೆ ಸುಮ್ನೆ ಹೊಗೆ.

ವಿಡಿಯೊ ನಮ್ಮ ಫೋನಿಗೆ ಬರುವ ದಾರಿ

2016ರ ಸೆಪ್ಟೆಂಬರ್‌ಗೆ ಮುಂಚೆ ಒಂದು ಜಿಬಿ ಡೇಟಾವನ್ನು ತಿಂಗಳಿಡೀ ಎಣಿಸಿ ಎಣಿಸಿ ಬಳಸುತ್ತಿದ್ದದ್ದು ನೆನಪಿದೆಯಾ? ಜಿಯೊ ಬಂದು ಮೊದಲ ತಿಂಗಳುಗಳಲ್ಲಿ ಪುಕ್ಕಟೆ ಕೊಟ್ಟಿತು. ಉಳಿದ ಕಂಪನಿಗಳೂ ದರ ಇಳಿಸಿದವು. ಈಗ ಒಂದು ತಿಂಗಳಿಗೆ ಬಳಸುತ್ತಿದ್ದದ್ದನ್ನು ಒಂದೇ ದಿನದಲ್ಲಿ ಬಳಸುತ್ತೇವೆ. ಓದು ಬಾರದವರಿಗೂ ಪೇಪರಿನ ಹಂಗಿಲ್ಲದೆ ಸುದ್ದಿ ಸಿಕ್ಕಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಆ ಜಾಗಕ್ಕೆ ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು. ಫೋನನ್ನು ಉದ್ದಕ್ಕೆ ಹಿಡಿದು, ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳುವ ಅಭ್ಯಾಸ ಅಲ್ಲಿಂದ ಗಟ್ಟಿಯಾಯಿತು.

ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ನೀವು ನೋಡುವ ವಿಡಿಯೊಗಳಲ್ಲಿ ಬಹುಪಾಲು ನೀವು ಹುಡುಕಿ ತೆಗೆದದ್ದಲ್ಲ. ಯಂತ್ರ ನಿಮ್ಮ ಮುಂದಿಟ್ಟದ್ದು. ಅದಕ್ಕೆ ಎಡ ಬಲ ಗೊತ್ತಿಲ್ಲ, ಪಕ್ಷ ಗೊತ್ತಿಲ್ಲ. ಅದು ನೋಡುವುದು ನೀವು ಎಷ್ಟು ಹೊತ್ತು ನಿಂತಿರಿ ಅನ್ನುವುದನ್ನು. ಯೂಟ್ಯೂಬ್ 2012ರಲ್ಲೇ ತನ್ನ ಲೆಕ್ಕ ಬದಲಿಸಿತ್ತು. ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಟ್ಟಿತು. ಮನುಷ್ಯ ಎಲ್ಲಿ ನಿಲ್ಲುತ್ತಾನೆ? ರಸ್ತೆಯಲ್ಲಿ ಇಬ್ಬರು ಕುಶಲ ವಿಚಾರಿಸುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅವರೇ ಕಾಲರ್ ಹಿಡಿದರೆ ಬಸ್ಸಿನಿಂದ ಇಳಿದು ನೋಡುತ್ತೇವೆ ಅಲ್ವಾ? ಯಂತ್ರ ಕಲಿತದ್ದು ನಮ್ಮ ಇದೇ ಗುಣವನ್ನು.

ಮಂಟಪದ ರೂಮಿನ ಹುಡುಗನಿಗೆ ಇದು ಪಾಠ ಓದಿ ಬಂದದ್ದಲ್ಲ, ಕೈ ಬಳಕೆಯಿಂದ ಬಂದದ್ದು. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿದು ನಿಲ್ಲಿಸಬೇಕು, ಇಲ್ಲದಿದ್ದರೆ ಹೆಬ್ಬೆರಳು ಮೇಲಕ್ಕೆ ಹೋಯಿತು ಅಂದ. ಹಾಗಾಗಿ ಸವಾಲು ಮೊದಲು, ಬೈಗುಳ ಮೊದಲು, ಕಣ್ಣೀರು ಮೊದಲು. ರಸ್ತೆ, ಚರಂಡಿ, ಆಸ್ಪತ್ರೆ ಹಾಸಿಗೆ ಎಲ್ಲಾ ಆಮೇಲೆ. ಆಮೇಲೆ ಅಂದರೆ ಬಹಳ ಸಲ ಇಲ್ಲವೇ ಇಲ್ಲ.

ಇದರಿಂದ ರಾಜಕಾರಣಿಯ ಮಾತೂ ಬದಲಾಗಿದೆ. ನಮ್ಮ ವಿಧಾನಮಂಡಲದ ಕಲಾಪ ಲೈವ್ ಬರುತ್ತದೆ. ಗಮನಿಸಿ ನೋಡಿ. ಕೆಲವು ಸದಸ್ಯರು ಸಭಾಧ್ಯಕ್ಷರ ಕಡೆ ತಿರುಗಿ ಶುರು ಮಾಡುತ್ತಾರೆ. ಒಂದು ಹಂತಕ್ಕೆ ಬಂದಾಗ ದನಿ ಏರುತ್ತದೆ, ವಾಕ್ಯ ಚಿಕ್ಕದಾಗುತ್ತದೆ, ಕೊನೆಯಲ್ಲಿ ಒಂದು ಪ್ರಾಸ ಬೀಳುತ್ತದೆ. ಅದು ಎದುರು ಕೂತವರಿಗೆ ಆಡಿದ್ದಲ್ಲ. ರಾತ್ರಿ ಹೊತ್ತಿಗೆ ಕತ್ತರಿಸಿ ಹಾಕಲು ತಯಾರಾಗಿಯೇ ಬಂದ ತುಣುಕು. ಚರ್ಚೆ ಅಂದರೆ ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರ. ತುಣುಕಿನಲ್ಲಿ ಉತ್ತರಕ್ಕೆ ಜಾಗವಿಲ್ಲ. "ಹಿಗ್ಗಾಮುಗ್ಗಾ ತರಾಟೆ" ಅಂತ ಎರಡೂ ಪಕ್ಷದವರು ಒಂದೇ ದಿನದ, ಒಂದೇ ಚರ್ಚೆಯ ಎರಡು ತುಣುಕು ಹಾಕುತ್ತಾರೆ. ಎರಡರಲ್ಲೂ ಅವರವರೇ ಗೆದ್ದಿರುತ್ತಾರೆ.

ಮಾತಿಗಿಂತ ದೃಶ್ಯವೇ ಉಳಿಯುತ್ತದೆ ಅನ್ನುವುದಕ್ಕೆ ಮಳೆಯ ಉದಾಹರಣೆ ಇಲ್ಲೇ ಹೇಳಿಬಿಡುತ್ತೇನೆ. 2019ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಸತಾರಾದಲ್ಲಿ ಶರದ್ ಪವಾರ್ ಸುರಿವ ಮಳೆಯಲ್ಲಿ ನಿಂತು ಭಾಷಣ ಮಾಡಿದರು. 2022ರ ಅಕ್ಟೋಬರ್ 2ರಂದು ಮೈಸೂರಿನಲ್ಲಿ ರಾಹುಲ್ ಗಾಂಧಿಯೂ ಮಳೆಯಲ್ಲೇ ಮಾತಾಡಿದರು. ಎರಡೂ ವಿಡಿಯೊ ದೇಶವೆಲ್ಲ ಓಡಾಡಿದವು. ಏನು ಮಾತಾಡಿದರು ಅಂತ ಕೇಳಿದರೆ ಹೇಳಬಲ್ಲವರು ಕಡಿಮೆ. ನೆನೆದ ಬಟ್ಟೆ ಮಾತ್ರ ಎಲ್ಲರ ಕಣ್ಣಲ್ಲಿದೆ.

ತೆರಿಗೆ ಪಾಲು ಟೀ ಅಂಗಡಿಗೆ ಬಂದ ದಿನಗಳು

ಹಾಗಂತ ವಿಡಿಯೊ ಬರೀ ಜಗಳಕ್ಕೇ ಅಂತ ಹೇಳಿದರೆ ತಪ್ಪಾಗುತ್ತದೆ. 2024ರ ಫೆಬ್ರವರಿಯಲ್ಲಿ ನಾನು ಕಣ್ಣಾರೆ ಕಂಡ ಒಂದು ಒಳ್ಳೆಯ ಬದಲಾವಣೆ ಇದೆ. ಹಣಕಾಸು ಆಯೋಗ ಅನ್ನುವ ಪದವನ್ನೇ ಕೇಳದವರು ಟೀ ಅಂಗಡಿಯಲ್ಲಿ ಅದರ ಬಗ್ಗೆ ವಾದ ಮಾಡುತ್ತಿದ್ದರು. ಕೇಂದ್ರ ಸಂಗ್ರಹಿಸಿ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ 4.713 ಶೇಕಡಾ ಇತ್ತು. 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಫೆಬ್ರವರಿ 7ರಂದು ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆ ಮಾಡಿತು. "ನನ್ನ ತೆರಿಗೆ ನನ್ನ ಹಕ್ಕು" ಎಂಬ ಕೂಗಿನ ಜೊತೆ ವಿವರಣೆಯ ವಿಡಿಯೊಗಳು ಬಂದವು. ಕೆಲವರು ಕಪ್ಪು ಹಲಗೆ ಇಟ್ಟುಕೊಂಡು ಲೆಕ್ಕ ಬಿಡಿಸಿದರು. ಹತ್ತು, ಹದಿನೈದು ನಿಮಿಷದ ವಿಡಿಯೊಗಳನ್ನೂ ಜನ ಕೂತು ನೋಡಿದರು.

ಆದರೆ ಇಲ್ಲಿಯೂ ಕತ್ತರಿ ಸುಮ್ಮನಿರಲಿಲ್ಲ. ಕಾಂಗ್ರೆಸ್ ತುಣುಕಿನಲ್ಲಿ ಇದ್ದದ್ದು, ನಾವು 100 ರೂಪಾಯಿ ಕೊಟ್ಟರೆ ನಮಗೆ ವಾಪಸ್ ಬರುವುದು 12–13 ರೂಪಾಯಿ ಎಂಬ ಲೆಕ್ಕ. ಬಿಜೆಪಿ ತುಣುಕಿನಲ್ಲಿ ಇದ್ದದ್ದು, 2014ರ ಹಿಂದಿನ ಹತ್ತು ವರ್ಷಕ್ಕೆ ಹೋಲಿಸಿದರೆ ಮುಂದಿನ ಹತ್ತು ವರ್ಷದಲ್ಲಿ ರಾಜ್ಯಕ್ಕೆ ಬಂದ ಒಟ್ಟು ಹಣ ಎಷ್ಟೋ ಪಟ್ಟು ಜಾಸ್ತಿ ಎಂಬ ಲೆಕ್ಕ. ಜೊತೆಗೆ ಪಾಲು ನಿಗದಿ ಮಾಡುವುದು ಹಣಕಾಸು ಆಯೋಗ, ಅದನ್ನು ತಾವು ಇಷ್ಟ ಬಂದಂತೆ ಬದಲಿಸಲು ಬರುವುದಿಲ್ಲ ಎಂಬ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಲೋಕಸಭೆಯ ಉತ್ತರ.

ಪಾಲು ಇಳಿದದ್ದೂ ನಿಜ, ಒಟ್ಟು ಮೊತ್ತ ಏರಿದ್ದೂ ನಿಜ. ಎರಡೂ ಹೇಗೆ ನಿಜ? ಹೋಳಿಗೆಯೇ ದೊಡ್ಡದಾಯಿತು, ಅದರಲ್ಲಿ ನಮಗೆ ಕತ್ತರಿಸಿ ಕೊಟ್ಟ ತುಂಡಿನ ಲೆಕ್ಕ ಕಡಿಮೆಯಾಯಿತು. ಹಳೇ ಲೆಕ್ಕದಲ್ಲೇ ಕೊಟ್ಟಿದ್ದರೆ ಇನ್ನೂ ಎಷ್ಟು ಬರುತ್ತಿತ್ತು? ಬಡ ರಾಜ್ಯಗಳಿಗೆ ಹೆಚ್ಚು ಕೊಡುವ ಸೂತ್ರ ಎಲ್ಲಿಯವರೆಗೆ ನ್ಯಾಯ? ಅಸಲಿ ಚರ್ಚೆ ನಡೆಯಬೇಕಿದ್ದದ್ದು ಅಲ್ಲಿ. ಆದರೆ ಎರಡೂ ಅಂಕಿ ಒಂದೇ ತುಣುಕಿನಲ್ಲಿ ಎದುರುಬದುರು ಕೂತದ್ದನ್ನು ನಾನು ಬಹಳ ಹುಡುಕಿದ ಮೇಲೆ ಕಂಡೆ. ಒಂದು ಪಕ್ಷದವರ ಫೋನಿಗೆ ಒಂದು ಅಂಕಿ, ಇನ್ನೊಂದು ಪಕ್ಷದವರ ಫೋನಿಗೆ ಇನ್ನೊಂದು. ಟೀ ಅಂಗಡಿಯಲ್ಲಿ ಇಬ್ಬರೂ ಸತ್ಯವನ್ನೇ ಹೇಳುತ್ತಾ, ಎದುರಿನವ ಸುಳ್ಳ ಅಂದುಕೊಂಡು ಎದ್ದು ಹೋಗುತ್ತಿದ್ದರು. ನನಗೆ ಅತ್ಯಂತ ಬೇಸರ ತರಿಸುವುದು ಇದು. ಸುಳ್ಳನ್ನು ಹಿಡಿಯಬಹುದು. ಅರ್ಧ ಕತ್ತರಿಸಿದ ಸತ್ಯವನ್ನು ಹಿಡಿಯುವುದು ಬಹಳ ಕಷ್ಟ.

ಉದ್ದದ ವಿಡಿಯೊಗೆ ಕಾಲ ಮುಗಿದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿಯೂ ಇದೆ. 2024ರ ಲೋಕಸಭೆ ಚುನಾವಣೆಯ ಮುಂಚೆ ಧ್ರುವ್ ರಾಠಿ ಎಂಬ ಯೂಟ್ಯೂಬರ್ ಕೇಂದ್ರ ಸರ್ಕಾರವನ್ನು ಟೀಕಿಸಿ ಮಾಡಿದ ಉದ್ದನೆಯ ಹಿಂದಿ ವಿಡಿಯೊವನ್ನು ಕೋಟಿಗೂ ಮೀರಿ ಜನ ನೋಡಿದರು. ಇನ್ನೊಂದು ಕಡೆ, ಪ್ರಧಾನಿ ಮೋದಿ ಅವರ ಯೂಟ್ಯೂಬ್ ಚಾನೆಲ್ 2023ರ ಡಿಸೆಂಬರ್‌ನಲ್ಲೇ 2 ಕೋಟಿ ಚಂದಾದಾರರನ್ನು ದಾಟಿತ್ತು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರ ಪಾಡ್‌ಕಾಸ್ಟ್‌ನಲ್ಲಿ ಸುಮಾರು ಎರಡು ಗಂಟೆ ಮಾತಾಡಿದರು. ಅಂದರೆ ತುಂಬಾ ಚಿಕ್ಕದು ಓಡುತ್ತದೆ, ತುಂಬಾ ಉದ್ದದ್ದೂ ಓಡುತ್ತದೆ. ಸೊರಗಿದ್ದು ನಡುವಿನದು. ಸಂಪಾದಕನೊಬ್ಬ ಎರಡೂ ಕಡೆ ಕೇಳಿ, ತೂಗಿ ನೋಡಿ ಕಟ್ಟಿದ ಹತ್ತು ನಿಮಿಷದ ಸುದ್ದಿ. ಪಾಡ್‌ಕಾಸ್ಟ್‌ನಲ್ಲಿ ನಾಯಕ ಮನಸ್ಸು ಬಿಚ್ಚಿ ಮಾತಾಡಿದಂತೆ ಕಾಣುತ್ತದೆ. ಆದರೆ ಎದುರು ಕೂತವರು ಪತ್ರಕರ್ತರಲ್ಲ, ಆತಿಥೇಯರು. ಮನೆಗೆ ಬಂದ ಅತಿಥಿಯನ್ನು ಯಾರೂ ಅಡ್ಡ ಪ್ರಶ್ನೆ ಕೇಳಿ ಕಾಡುವುದಿಲ್ಲ.

ಕೊನೆ ಸೆಕೆಂಡುಗಳನ್ನು ತೆಗೆದರೆ

ಕತ್ತರಿ ಎಷ್ಟು ಹರಿತ ಅನ್ನುವುದು ನಮ್ಮ ರಾಜ್ಯಕ್ಕೆ ಬಹಳ ಕೆಟ್ಟ ರೀತಿಯಲ್ಲಿ ಗೊತ್ತಾಗಿದೆ. 2018ರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ವಾಟ್ಸ್ಆಪ್‌ನಲ್ಲಿ ಸುತ್ತಿತು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಮಕ್ಕಳ ಕಳ್ಳರ ವದಂತಿ ಊರೂರಿಗೆ ಹಬ್ಬಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಶುರುವಾದ ಅನುಮಾನದಲ್ಲಿ, ಹೈದರಾಬಾದಿನ ಒಬ್ಬ ಯುವಕನನ್ನು ಜನ ಬಡಿದು ಕೊಂದರು. ಅದಾಗಿ ಒಂದು ವಾರಕ್ಕೆ ವಾಟ್ಸ್ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಅದು ಚುನಾವಣೆಯ ವಿಡಿಯೊ ಅಲ್ಲ. ಆದರೆ ಕೈಚಳಕ ಅದೇ.

2024ರ ಏಪ್ರಿಲ್ ಕೊನೆಯಲ್ಲಿ ಅಮಿತ್ ಶಾ ಅವರ ಒಂದು ವಿಡಿಯೊ ಬಂತು. ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿ ತೆಗೆಯುತ್ತೇವೆ ಅಂದಂತೆ ಕೇಳುತ್ತಿತ್ತು. ಅವರು ತೆಲಂಗಾಣದಲ್ಲಿ ನಿಜವಾಗಿ ಮಾತಾಡಿದ್ದು ಮುಸ್ಲಿಮರಿಗೆ ಕೊಟ್ಟ ಮೀಸಲಾತಿಯ ಬಗ್ಗೆ. ಮಾತನ್ನು ಕತ್ತರಿಸಿ ಜೋಡಿಸಲಾಗಿತ್ತು. ಕಾಂಗ್ರೆಸ್ಸಿಗರು ಹಂಚಿದರು, ದೆಹಲಿ ಪೊಲೀಸರು ಪ್ರಕರಣ ದಾಖಲಿಸಿದರು. ಮೇ 4ರಂದು ಕರ್ನಾಟಕ ಬಿಜೆಪಿ ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಒಂದು ಕಾರ್ಟೂನ್ ವಿಡಿಯೊ ಹಾಕಿತು. ಹಕ್ಕಿ ಗೂಡು, ಎಸ್‌ಸಿ, ಎಸ್‌ಟಿ, ಒಬಿಸಿ ಅಂತ ಬರೆದ ಮೊಟ್ಟೆಗಳು, ಅವುಗಳ ನಡುವೆ ರಾಹುಲ್ ಗಾಂಧಿ ಮತ್ತು ಸಿದ್ದರಾಮಯ್ಯ ತಂದಿಡುವ ಮುಸ್ಲಿಂ ಮೊಟ್ಟೆ. ಆ ಮರಿ ಬೆಳೆದು ಉಳಿದವನ್ನು ಗೂಡಿನಿಂದ ಹೊರದಬ್ಬುತ್ತದೆ. ದೂರು ಹೋಯಿತು. ಚುನಾವಣಾ ಆಯೋಗ ಅದನ್ನು ಕೂಡಲೇ ತೆಗೆಯಿರಿ ಅಂತ ಎಕ್ಸ್‌ಗೆ ಬರೆದದ್ದು ಮೇ 7ರಂದು. ನಮ್ಮ ಎರಡನೇ ಹಂತದ 14 ಕ್ಷೇತ್ರಗಳಲ್ಲಿ ಜನ ಮತ ಹಾಕಲು ಸಾಲಿನಲ್ಲಿ ನಿಂತದ್ದೂ ಮೇ 7ರಂದೇ. ಅಷ್ಟರಲ್ಲಿ ಲಕ್ಷಾಂತರ ಜನ ನೋಡಿಯಾಗಿತ್ತು. ಕಾನೂನು ಕಾಗದದ ವೇಗದಲ್ಲಿ ಓಡುತ್ತದೆ, ವಿಡಿಯೊ ಬೆರಳಿನ ವೇಗದಲ್ಲಿ.

ಎಐ ಈ ಕತ್ತರಿಗೆ ಸೂಜಿ ದಾರವನ್ನೂ ಕೊಟ್ಟಿದೆ. ಈಗ ಕತ್ತರಿಸುವುದಷ್ಟೇ ಅಲ್ಲ, ಆಡದ ಮಾತನ್ನು ಬಾಯಿಗೆ ಹೊಲಿಯಬಹುದು. 2020ರ ಫೆಬ್ರವರಿಯಲ್ಲಿ, ದೆಹಲಿ ಮತದಾನಕ್ಕೆ ಒಂದು ದಿನ ಮುಂಚೆ, ಬಿಜೆಪಿಯ ಮನೋಜ್ ತಿವಾರಿ ಹರಿಯಾಣ್ವಿಯಲ್ಲಿ ಮಾತಾಡುವ ವಿಡಿಯೊ ಬಂತು. ಮೂಲ ವಿಡಿಯೊದಲ್ಲಿ ಅವರು ಆಡಿದ್ದು ಹಿಂದಿ. ತಮ್ಮದೇ ಪಕ್ಷ ಮಾಡಿಸಿದ್ದು, ಆದರೂ ನೋಡುಗನಿಗೆ ಗೊತ್ತಿರಲಿಲ್ಲ. 2024ರಲ್ಲಿ ತಮಿಳುನಾಡಿನಲ್ಲಿ 2018ರಲ್ಲೇ ತೀರಿಕೊಂಡ ಕರುಣಾನಿಧಿ ವೇದಿಕೆಯ ಪರದೆ ಮೇಲೆ ಮಾತಾಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಆಮಿರ್ ಖಾನ್, ರಣವೀರ್ ಸಿಂಗ್ ಅವರ ನಕಲಿ ಪ್ರಚಾರ ವಿಡಿಯೊಗಳು ಬಂದವು. ಮೇ 6ರಂದು ಆಯೋಗ, ಇಂಥ ನಕಲಿ ವಿಡಿಯೊ ಗಮನಕ್ಕೆ ಬಂದ 3 ಗಂಟೆಯೊಳಗೆ ಪಕ್ಷಗಳು ತೆಗೆಯಬೇಕು ಅಂತ ಹೇಳಿತು. ನನಗಿರುವ ಭಯ ಇನ್ನೊಂದು. ನಕಲಿ ಜಾಸ್ತಿಯಾದಷ್ಟೂ ಅಸಲಿಗೆ ಬೆಲೆ ಇಳಿಯುತ್ತದೆ. ಬ್ರೇಕ್ಸ್ ಊರಿನಲ್ಲಿ ಸಿಕ್ಕಿಬಿದ್ದಂಥ ನಾಯಕ ಇಂದು "ಅದು ನಾನಲ್ಲ, ಎಐ" ಅಂದುಬಿಟ್ಟರೆ ಅರ್ಧ ಜನ ನಂಬುತ್ತಾರೆ.

ಕಾನೂನಿನ ಇನ್ನೊಂದು ತೂತನ್ನೂ ನೋಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಂ ಪ್ರಕಾರ ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕು. ಮತದಾರ ಶಾಂತವಾಗಿ ಯೋಚಿಸಲಿ ಅಂತ. 2024ರಲ್ಲಿ ನಮ್ಮಲ್ಲಿ ಏಪ್ರಿಲ್ 26ಕ್ಕೆ ದಕ್ಷಿಣದ ಕಡೆ 14 ಕ್ಷೇತ್ರ, ಮೇ 7ಕ್ಕೆ ಉತ್ತರದ ಕಡೆ ಉಳಿದ 14. ಏಪ್ರಿಲ್ 25ರಂದು ಮಂಡ್ಯದ ರಸ್ತೆಯಲ್ಲಿ ಮೈಕ್ ಇಲ್ಲ. ಆದರೆ ಬೆಳಗಾವಿ, ಕಲಬುರಗಿ ಕಡೆ ಪ್ರಚಾರಕ್ಕೆ ಅಡ್ಡಿಯಿಲ್ಲ. ಅಲ್ಲಿ ಆಡಿದ ಮಾತು ಮಂಡ್ಯದವನ ಜೇಬಿನಲ್ಲಿ. ಖರ್ಚಿನ ಲೆಕ್ಕವೂ ಹಾಗೇ. ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಮಿತಿ. ಪಕ್ಷಕ್ಕೆ ಮಿತಿಯೇ ಇಲ್ಲ. ಪಕ್ಷದ ಹೆಸರೇ ಇಲ್ಲದ ಪೇಜುಗಳು ಹಾಕುವ ವಿಡಿಯೊ ಯಾರ ಲೆಕ್ಕಕ್ಕೆ ಸೇರಬೇಕು? ಗೂಗಲ್ ಮತ್ತು ಮೆಟಾ ರಾಜಕೀಯ ಜಾಹೀರಾತಿನ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿವೆ. ಯಾರು ದುಡ್ಡು ಕೊಟ್ಟರು ಅಂತ ನೀವೂ ನೋಡಬಹುದು. ದಯವಿಟ್ಟು ಒಮ್ಮೆ ನೋಡಿ. ಆದರೆ ದುಡ್ಡು ಕೊಡದೆ ಗ್ರೂಪಿನಿಂದ ಗ್ರೂಪಿಗೆ ಹರಿಯುವುದು ಆ ಪಟ್ಟಿಯಲ್ಲಿ ಸಿಗುವುದಿಲ್ಲ.

ದೊಡ್ಡಪ್ಪನ ಪ್ರಶ್ನೆ

ಮಂಟಪದ ರೂಮಿನಿಂದ ಹೊರಟ ಆ 21 ಸೆಕೆಂಡಿನ ವಿಡಿಯೊ ಮರುದಿನ ಬೆಳಗ್ಗೆ ಆರು ಗಂಟೆಗೆ ನನ್ನ ಫೋನಿಗೇ ವಾಪಸ್ ಬಂತು. ಕಳಿಸಿದವರು ಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪ. ಕೆಳಗೆ ಒಂದು ವಾಯ್ಸ್ ಮೆಸೇಜು. "ನೋಡಪ್ಪ, ಹಿಂಗೆಲ್ಲ ಮಾತಾಡಿದಾನಂತೆ. ನಿಜಾನಾ?"

ನಿಜಾನಾ ಅಂತ ಕೇಳಿದರಲ್ಲ, ನನಗೆ ಅದೇ ದೊಡ್ಡದು ಅನ್ನಿಸಿತು. ಆ ಭಾಷಣ ಪೂರ್ತಿ ಲೈವ್ ಬಂದಿತ್ತು. ಅದರ ಲಿಂಕ್ ಕಳಿಸಿದೆ. ಭಾನುವಾರ ಊರಿಗೆ ಹೋದಾಗ ಅವರು ಜಗಲಿ ಮೇಲೆ, ಫೋನನ್ನು ಚೊಂಬಿಗೆ ಒರಗಿಸಿಕೊಂಡು, ಕನ್ನಡಕ ಹಾಕಿ ಕೂತಿದ್ದರು. ಎರಡನೇ ಸಲ ನೋಡುತ್ತಿದ್ದೇನೆ ಅಂದರು. ನಡುವೆ ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. 27ನೇ ನಿಮಿಷ.

"ಇಲ್ಲಿ ನಮ್ಮ ಕೆರೆ ಹೂಳಿನ ವಿಷಯ ಮಾತಾಡಿದಾನಲ್ಲಪ್ಪ. ಎರಡು ನಿಮಿಷ ಮಾತಾಡಿದಾನೆ. ಇದನ್ನ ಯಾಕೆ ಯಾರೂ ಕಳಿಸಲಿಲ್ಲ?"

ನಾನು ಉತ್ತರ ಹೇಳುವ ಮೊದಲೇ ಫೋನ್ ನನ್ನ ಕೈಗಿಟ್ಟರು. "ಆ ಹುಡುಗರು ಮಾಡ್ತಾರಲ್ಲ, ಹಂಗೆ ಇದನ್ನ ಕಟ್ ಮಾಡಿ ಕೊಡು. ನಮ್ಮ ಊರ ಗ್ರೂಪಿಗೆ ಹಾಕ್ತೀನಿ."

ಜಗಲಿ ಮೇಲೆ ಕೂತು 27ರಿಂದ 29ನೇ ನಿಮಿಷದವರೆಗೆ ಕತ್ತರಿಸಿ ಕೊಟ್ಟೆ. ಮ್ಯೂಸಿಕ್ ಹಾಕಲಿಲ್ಲ. ಪೂರ್ತಿ ಭಾಷಣದ ಲಿಂಕನ್ನೂ ಕೆಳಗೆ ಸೇರಿಸಿದೆ. ದೊಡ್ಡಪ್ಪ ಹಾಕಿದ ಹತ್ತು ನಿಮಿಷಕ್ಕೆ ಒಬ್ಬರು, ಇದೇ ಹೂಳಿನ ಮಾತು 2018ರಲ್ಲೂ ಕೊಟ್ಟಿದ್ದರು ಅಂತ ಬರೆದರು. ಇನ್ನೊಬ್ಬರು, ಆಗ ಗೆದ್ದವರು ಇವರ ಎದುರಾಳಿ, ಅವರನ್ನೂ ಕೇಳಬೇಕು ಅಂದರು. ಸಂಜೆ ಹೊತ್ತಿಗೆ ಯಾರೋ ಕೆರೆ ಏರಿ ಮೇಲೆ ನಿಂತು ಒಂದು ವಿಡಿಯೊ ತೆಗೆದು ಗ್ರೂಪಿಗೆ ಹಾಕಿದ್ದರು. ಅದರಲ್ಲಿ ಮಾತಿರಲಿಲ್ಲ. ಒಣಗಿದ ಕೆರೆ, ಜಾಲಿ ಗಿಡ, ಗಾಳಿಯ ಸದ್ದು.